ಆ ಊರೊಂದು ಬಿಟ್ಟು

ಶುಕ್ರವಾರ ಮಧ್ಯಾಹ್ನ ಆಯ್ತು ಅಂದ್ರೆ ನಮ್ಮ ಆಫೀಸಿನಲ್ಲಿ ಯಾರಾದರೊಬ್ಬರು ನನ್ನ ಟೇಬಲ್ ಹತ್ತಿರ ಬಂದು ನಿಂತೇ ನಿಲ್ತಾರೆ. "ಮೇಡಂ, ಭಾನುವಾರ ಒಂದಿನಕ್ಕೆ ಹೋಗಿ ಬರೋಕೆ ಯಾವುದಾದ್ರೂ ಒಳ್ಳೇ ಊರು ಹೇಳ್ರೀ. ಜನ ಕಮ್ಮಿ ಇರ್ಬೇಕು, ಊಟ ಚೆನ್ನಾಗಿರ್ಬೇಕು, ಕತ್ತಲಾಗೋದ್ರೊಳಗೆ ವಾಪಸ್ ಹೆಬ್ಬಾಳ ಸೇರ್ಕೋಬೇಕು." ನಾನು ಹೇಳ್ತೀನಿ. ಬೆಳಗಿನ ಚಳಿ ಬೇಕಾ, ನಂದಿಗೆ ಹೋಗಿ. ಕಲ್ಲಿನ ಕೆತ್ತನೆ ನೋಡ್ಬೇಕಾ, ಲೇಪಾಕ್ಷಿ. ಹರಕೆ ಇದ್ಯಾ, ಘಾಟಿ. ಯಾವ ಊರಲ್ಲಿ ನೆರಳಿದೆ, ಯಾವ ಊರಲ್ಲಿ ಹೆಂಗಸರು ನೆಮ್ಮದಿಯಾಗಿ ಬಚ್ಚಲಿಗೆ ಹೋಗಿ ಬರಬಹುದು, ಎಲ್ಲಿ ಕೋತಿ ಕಾಟ, ಎಲ್ಲಿ ಮುದ್ದೆ ಬಿಸಿಯಾಗಿ ಸಿಗುತ್ತೆ, ಎಲ್ಲಾ ಬಾಯಿಪಾಠ. "ಬಿಡಿ ಮೇಡಂ, ನೀವು ಸುತ್ತದೇ ಇರೋ ಊರೇ ಇಲ್ಲ" ಅಂತಾರೆ. ಹೌದು, ಸುತ್ತಿದೀನಿ. ಆದರೆ ಅದು ಊರು ನೋಡೋ ಆಸೆಯಿಂದ ಸುತ್ತಿದ್ದಲ್ಲ. ಒಂದೇ ಒಂದು ಊರನ್ನ ತಪ್ಪಿಸೋದಕ್ಕೆ ನಮ್ಮಪ್ಪ ಮಿಕ್ಕ ಊರನ್ನೆಲ್ಲ ನಮಗೆ ತೋರಿಸಿದ. ಆ ಒಂದು ಊರಿನ ಹೆಸರು ನಾನು ಆಫೀಸಿನವರಿಗೆ ಹೇಳಲ್ಲ, ಇಲ್ಲೂ ಬರೆಯಲ್ಲ.

ನಾವು ಕೊಡಿಗೇಹಳ್ಳಿಯವರು. ಆಮೇಲೆ ಬಂದು ಅಪಾರ್ಟ್‌ಮೆಂಟ್ ತಗೊಂಡವರಲ್ಲ, ಹಳೇ ಊರಿನ ಜನ. ತಾತ ರಾಗಿ ಬೆಳೀತಿದ್ದ ಜಾಗದಲ್ಲಿ ಅಪ್ಪ ಬಾಡಿಗೆ ಮನೆಗಳನ್ನ ಕಟ್ಟಿಸಿದ. ಅದರಲ್ಲೊಂದು ಮನೆಗೆ ಹೆಬ್ಬಾಳದ ಗ್ಯಾರೇಜಿನಲ್ಲಿ ಕೆಲಸ ಮಾಡೋ ಮೆಕ್ಯಾನಿಕ್ ಒಬ್ಬ ಬಾಡಿಗೆಗೆ ಬಂದ. ಒಳ್ಳೆಯವನು. ಅಪ್ಪನ ಮೋಟಾರ್ ಕೆಟ್ಟರೆ ರಾತ್ರಿಯೋ ಹಗಲೋ ಅನ್ನದೆ ಬಂದು ರಿಪೇರಿ ಮಾಡಿಕೊಡೋನು, ಅಪ್ಪನೂ "ಚಿನ್ನದಂಥ ಹುಡುಗ" ಅಂತ ಬೀದಿಗೆಲ್ಲ ಹೇಳ್ಕೊಂಡು ಬರೋನು. ಆ ಚಿನ್ನದಂಥ ಹುಡುಗನನ್ನ ನಮ್ಮಕ್ಕ ಮದುವೆಯಾದ ದಿನ ಅವನು ಏಕ್‌ದಂ ಬೇರೆ ಜಾತಿಯವನಾಗಿಬಿಟ್ಟ. ಏರ್‌ಪೋರ್ಟ್ ಶುರುವಾದ ವರ್ಷ ಅದು. ಅಪ್ಪ ಹಿತ್ತಲಿನ ತೊಟ್ಟಿ ಹತ್ತಿರ ನಿಂತು, ಸಾವಿನ ಮನೆಯಿಂದ ಬಂದವರ ಹಾಗೆ, ತಲೆ ಮೇಲೆ ತಣ್ಣೀರು ಹುಯ್ಕೊಂಡ. ಒದ್ದೆ ಬಟ್ಟೇಲೇ ಒಳಗೆ ಬಂದು, "ಇನ್ಮೇಲೆ ನಂಗೆ ಒಬ್ಳೇ ಮಗಳು" ಅಂದ. ಆ ಒಬ್ಬಳು ನಾನು.

ಅಕ್ಕ, ಭಾವ ಅವನ ಊರಿಗೆ ಹೋಗಿ ಬಸ್ ಸ್ಟ್ಯಾಂಡ್ ಹತ್ತಿರ ಗ್ಯಾರೇಜ್ ಹಾಕ್ಕೊಂಡ್ರು ಅಂತ ಯಾರೋ ಹೇಳಿದ್ರು. ಅಷ್ಟೇ ಗೊತ್ತಿದ್ದದ್ದು. ಅಕ್ಕ ಒಂದು ಸಲ ಮನೆಗೆ ಫೋನ್ ಮಾಡಿದ್ದಳು. ಅಪ್ಪ ಎತ್ತಿ, "ಈ ನಂಬರಿನೋರಿಗೂ ನಿಂಗೂ ಏನೂ ಸಂಬಂಧ ಇಲ್ಲ" ಅಂದ. ಅವಳೂ ಅಪ್ಪನ ಮಗಳೇ ತಾನೆ, ಹಟ ಎಲ್ಲಿ ಹೋಗುತ್ತೆ? ಮತ್ತೆ ಮಾಡಲಿಲ್ಲ.

ಅಮ್ಮ ಅತ್ತಿದ್ದು ಮದುವೆಗಲ್ಲ, ಮಡ್ಲಕ್ಕಿಗೆ. ನಮ್ಮಲ್ಲಿ ಮಗಳು ಗಂಡನ ಮನೆಗೆ ಹೊರಟಾಗ ತಾಯಿ ಅವಳ ಸೆರಗಿಗೆ ಅಕ್ಕಿ, ಬೆಲ್ಲ, ಕೊಬ್ಬರಿ, ಎಲೆ ಅಡಿಕೆ, ಅರಿಶಿನ ಕುಂಕುಮ, ಹಸಿರು ಬಳೆ, ರವಿಕೆ ಕಣ ಇಟ್ಟು ಮಡಿಲು ತುಂಬಿ ಕಳಿಸ್ತಾಳೆ. ಎಷ್ಟು ಬಡವರಾದರೂ ಇದೊಂದು ತಪ್ಪಿಸಲ್ಲ. ಅಕ್ಕ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಎರಡು ಸೀರೆ ಹಾಕ್ಕೊಂಡು ಹೋದವಳು. "ಬರೀ ಮಡ್ಲಲ್ಲಿ ಹೋದ್ಳಲ್ಲೇ" ಅನ್ನೋಳು ಅಮ್ಮ, ಪಾತ್ರೆ ತೊಳೀತಾ, ರೊಟ್ಟಿ ತಟ್ಟುತ್ತಾ, ಗೋಡೆಗೆ ಹೇಳೋ ಹಾಗೆ. ಪ್ರತಿ ಗೌರಿ ಹಬ್ಬಕ್ಕೆ ನಂಗೆ ಬಾಗಿನ ಕೊಡುವಾಗ ಇನ್ನೊಂದು ರವಿಕೆ ಕಣ ಎತ್ತಿ ಟ್ರಂಕಿನೊಳಗೆ ಇಡೋಳು. ಅಪ್ಪ ನೋಡಿದ್ರೂ ನೋಡದವನ ಹಾಗೆ ಪೇಪರ್ ಓದೋನು.

ಆಮೇಲೆ ರಸ್ತೆ ಪಕ್ಕದ ಜಮೀನು ಹೋಯ್ತು, ದುಡ್ಡು ಬಂತು, ಮನೆ ಮುಂದೆ ದೊಡ್ಡ ಕಾರು ಬಂತು. ಅಲ್ಲಿಂದ ಶುರುವಾಯ್ತು ನಮ್ಮ ಭಾನುವಾರದ ಪ್ರವಾಸ. ಅಷ್ಟೊತ್ತಿಗೆ ನಂಗೂ ಮದುವೆಯಾಗಿ ಕೆಂಪಾಪುರದಲ್ಲಿದ್ದೆ. ನನ್ನ ಗಂಡನಿಗೆ ಭಾನುವಾರವೂ ಡ್ಯೂಟಿ, ಹಾಗಾಗಿ ಅಪ್ಪ ಹಾರ್ನ್ ಹೊಡೆದರೆ ನಾನೊಬ್ಬಳೇ ಹೋಗಿ ಹತ್ಕೊಳ್ತಿದ್ದೆ. ಗಾಡಿ ಓಡಿಸೋನು ನನ್ನ ತಮ್ಮ. ಯಾವ ಊರಿಗೆ ಅನ್ನೋದು ಶನಿವಾರ ಸಾಯಂಕಾಲ ಕೊಡಿಗೇಹಳ್ಳಿ ಮನೆಯ ಜಗಲಿ ಮೇಲೆ ತೀರ್ಮಾನ ಆಗೋದು. ಅಪ್ಪನಿಗೆ ಊರು ಆರಿಸೋದು ಅಂದ್ರೆ ಹೆಣ್ಣು ನೋಡೋ ಶಾಸ್ತ್ರ ಇದ್ದ ಹಾಗೆ. ಬೆಟ್ಟ ಇರಬೇಕು, ಆದರೆ ಹತ್ತೋ ಹಾಗಿರಬಾರದು. ದೇವಸ್ಥಾನ ಇರಬೇಕು, ಆದರೆ ಕ್ಯೂ ಇರಬಾರದು. ನಾಟಿ ಕೋಳಿ ಸಾರು ಸಿಗಬೇಕು. ಊಟ ಆದ ಮೇಲೆ ಮಲಗೋಕೆ ಒಂದು ಮರ ಇರಬೇಕು. ಎಲ್ಲ ಹೇಳಿ ಕೊನೆಗೆ ಅಮ್ಮನ ಕಡೆ ತಿರುಗೋನು. "ಏನಂತೀಯೆ? ಎಲ್ಲಿಗೋಗಾನ?"

"ಎಲ್ಲಾದ್ರೂ ಸರಿ" ಅನ್ನೋಳು ಅಮ್ಮ. ಪ್ರತಿ ಸಲ ಅದೇ ಮಾತು. ಅಪ್ಪ ಅದನ್ನ ಒಪ್ಪಿಗೆ ಅಂತ ತಿಳ್ಕೊಂಡಿದ್ದ.

ಆ ಊರಿರೋ ದಿಕ್ಕಿಗೆ ನಮ್ಮ ಮನೇಲಿ "ಆ ಕಡೆ" ಅಂತ ಹೆಸರು. ಒಂದು ಸಲ ಲೇಪಾಕ್ಷಿಯಿಂದ ವಾಪಸ್ ಬರುವಾಗ ತಮ್ಮ ಹತ್ತಿರದ ದಾರಿ ಅಂತ ಗಾಡಿ ತಿರುಗಿಸಿದ. ರಸ್ತೆ ಪಕ್ಕದ ಹಸಿರು ಬೋರ್ಡಿನಲ್ಲಿ ಆ ಊರಿನ ಹೆಸರು ಕಂಡಿದ್ದೇ ತಡ, ಅಪ್ಪ "ನಿಲ್ಸೋ" ಅಂತ ಕಿರುಚಿದ. ವಾಪಸ್ ತಿರುಗಿಸಿ, ಬಂದ ದಾರಿಯಷ್ಟನ್ನೂ ಮತ್ತೆ ಹೋಗಿ, ಹೈವೇ ಹಿಡಿದು ಬಂದ್ವಿ. ದೇವನಹಳ್ಳಿಯಿಂದ ಹೆಬ್ಬಾಳದ ತನಕ ಆಮೆ ಥರ ಬಂದು ಮನೆ ಸೇರೋ ಹೊತ್ತಿಗೆ ಎಲ್ಲರಿಗೂ ಸೊಂಟ ಬಿದ್ದುಹೋಗಿತ್ತು. ಅಮ್ಮ ದಾರಿಯುದ್ದಕ್ಕೂ ಹಿಂದಿನ ಗಾಜಿನ ಕಡೆ ಕತ್ತು ತಿರುಗಿಸ್ಕೊಂಡೇ ಕೂತಿದ್ದಳು.

ಹೀಗೆ ವರ್ಷಗಳು ಕಳೆದವು. ಎಲ್ಲರ ಕೈಗೂ ದೊಡ್ಡ ಫೋನ್ ಬಂದಿದ್ದ ಕಾಲ. ಒಂದು ಶನಿವಾರ ನನ್ನ ತಮ್ಮ ಜಗಲಿ ಮೇಲೆ ಕೂತು ಒಂದು ವಿಡಿಯೋ ಹಾಕಿದ. ಬೆಂಗಳೂರಿನ ಹತ್ತಿರದಲ್ಲೇ ಇರೋ ಚೆಂದದ ಪುಟ್ಟ ಊರು, ಒಂದಿನ ಆರಾಮಾಗಿ ಕಳೆಯೋಕೆ ಹೇಳಿ ಮಾಡಿಸಿದ ಜಾಗ ಅಂತ ಒಬ್ಬ ಹುಡುಗಿ ನಲೀತಾ ಹೇಳ್ತಿದ್ದಾಳೆ. ಬೆಟ್ಟ, ಅದರ ತಲೆ ಮೇಲೆ ಮುರುಕು ಕೋಟೆ, ಕೆಳಗೆ ಕಲ್ಯಾಣಿ, ಬೀದಿಯುದ್ದ ಒಣಗೋಕೆ ಹಾಕಿರೋ ಹಪ್ಪಳ ಸಂಡಿಗೆ. ಕೊನೆಗೆ ಊರಿನ ಹೆಸರು ಹೇಳಿದಳು. ತಮ್ಮ ಗಾಬರಿಯಾಗಿ ಫೋನ್ ಆಫ್ ಮಾಡಿದ.

"ಅಲ್ಲಿಗೇ ಹೋಗಾಣ" ಅಂದಳು ಅಮ್ಮ.

ಇನ್ನೇನು ಅಪ್ಪ ಎದ್ದು ಮನೆ ಹಾರಿಹೋಗೋ ಹಾಗೆ ಕೂಗಾಡ್ತಾನೆ ಅಂತ ಕಾದೆ. ಅವನು ಎಲೆ ಅಡಿಕೆ ಉಗಿದು ಬಂದು, ಬಾಯಿ ಒರೆಸ್ಕೊಂಡು, "ಊರ್ ನೋಡಕ್ ತಾನೆ? ಆಯ್ತು, ಹೋಗ್ಬರಾನ" ಅಂದ. ಮತ್ತೆ ತಮ್ಮನಿಗೆ, "ನೀನ್ ಬರದ್ ಬ್ಯಾಡ, ಮನೆ ನೋಡ್ಕ. ಗಾಡಿ ನಾನೇ ಓಡ್ಸ್ತೀನಿ" ಅಂದ. ನಾವು ಯಾರೂ ಯಾಕೆ ಅಂತ ಕೇಳಲಿಲ್ಲ. ಕೇಳಿದರೆ ಎಲ್ಲಿ ಮನಸ್ಸು ಬದಲಾಯಿಸ್ತಾನೋ ಅನ್ನೋ ಭಯ. ಅಮ್ಮ ನನ್ನನ್ನ ಒಳಗೆ ಕರೆದು ಕೈ ಗಟ್ಟಿಯಾಗಿ ಹಿಡ್ಕೊಂಡಳು. "ನೋಡ್ದ್ಯಾ, ಕಲ್ಲೂ ಕರಗ್ತದೆ ಕಣೆ" ಅಂದಳು. ಮುಖ ಮದುವೆ ಮನೆ ಥರ ಆಗಿತ್ತು.

ಭಾನುವಾರ ಬೆಳಗ್ಗೆ ಕಾರಿನಲ್ಲಿ ದೊಡ್ಡದೊಂದು ಬುಟ್ಟಿ. ಮೇಲೆ ಚಿತ್ರಾನ್ನದ ಡಬ್ಬಿ, ಮೊಸರನ್ನದ ಡಬ್ಬಿ, ಬಾಳೆ ಎಲೆ. ಎಲೆಯ ಕೆಳಗೆ ಒಂದು ಬಿಳಿ ಪಂಚೆಯ ಗಂಟು. ಬೆರಳಿನಿಂದ ಮುಟ್ಟಿ ನೋಡಿದೆ. ಅಕ್ಕಿ. ಅಮ್ಮ ನನ್ನ ಕೈ ಮೇಲೆ ಚಟ್ ಅಂತ ಹೊಡೆದು, ಕಣ್ಣಲ್ಲೇ ಸುಮ್ನಿರು ಅಂದಳು. ಟ್ರಂಕಿನಲ್ಲಿದ್ದ ರವಿಕೆ ಕಣಗಳಲ್ಲಿ ಚೆನ್ನಾಗಿರೋದು, ಯಾವತ್ತೋ ಯಲಹಂಕ ಸಂತೆಯಲ್ಲಿ ಅಳತೆ ಅಂದಾಜು ಮಾಡಿ ತಂದಿಟ್ಟಿದ್ದ ಹಸಿರು ಬಳೆ, ಹೊಸದಾಗಿ ಬಿಡಿಸಿದ ಕೊಬ್ಬರಿ, ಎಲ್ಲ ಆ ಗಂಟಿನಲ್ಲಿತ್ತು. ದಾರಿಯಲ್ಲಿ ಒಂದು ಕಡೆ ಹೂವಿನವಳನ್ನ ಕಂಡು ಅಮ್ಮ ಕನಕಾಂಬರ ತಗೊಂಡಳು. "ದೇವ್ರಿಗಾ?" ಅಂದ ಅಪ್ಪ. "ಹೂಂ" ಅಂದಳು.

ಊರು ವಿಡಿಯೋದಲ್ಲಿ ತೋರಿಸಿದ್ದಕ್ಕಿಂತ ಚೆನ್ನಾಗಿತ್ತು. ಅದು ನಂಗೆ ಇನ್ನೂ ಸಿಟ್ಟು ತರಿಸೋ ವಿಷಯ. ಕೆಟ್ಟ ಊರಾಗಿದ್ದರೆ ಒಂದು ಥರ ಸಮಾಧಾನ ಆಗ್ತಿತ್ತೇನೋ. ತಣ್ಣಗಿನ ಗಾಳಿ, ಕಲ್ಯಾಣಿಯ ಮೆಟ್ಟಿಲ ಮೇಲೆ ಕೂತು ಮಾತಾಡೋ ಹೆಂಗಸರು, ಗುರುತಿಲ್ಲದವರಿಗೂ "ಎಲ್ಲಿಂದ ಬಂದ್ರಿ, ಊಟ ಆಯ್ತಾ" ಅಂತ ಕೇಳೋ ಜನ. ಅಪ್ಪ ಮಿಲಿಟರಿ ಹೋಟೆಲಿನಲ್ಲಿ ಕೋಳಿ ಸಾರು ಸುರಿದುಕೊಂಡು ಮುದ್ದೆ ನುಂಗಿದ. ಹೊರಗೆ ಬಂದು, ಬೆರಳು ಚೀಪ್ಕೊಂಡು, "ಎಂಥ ಊರೇ ಇದು! ಇಷ್ಟ್ ವರ್ಸ ಇಂಗೆ ಬರ್ದೇ ಇದ್ವಲ್ಲ" ಅಂದ. ಯಾರಿಂದ ಬರದೇ ಇದ್ದದ್ದು ಅಂತ ಕೇಳೋಕೆ ನಾಲಿಗೆ ತುದಿಗೆ ಬಂತು. ಅಮ್ಮನ ಮುಖ ನೋಡಿ ನುಂಗ್ಕೊಂಡೆ. ಅಪ್ಪ ಹುಣಸೆ ಮರದ ಕೆಳಗೆ ಟವೆಲ್ ಹಾಸ್ಕೊಂಡ. "ನೀವಿಬ್ರೂ ಹೋಗ್ಬನ್ನಿ ದೇವಸ್ಥಾನಕ್ಕೆ. ಆತ್ರ ಏನಿಲ್ಲ" ಅಂದು ಮುಖದ ಮೇಲೆ ಕೈ ಇಟ್ಕೊಂಡ.

ನಾವು ದೇವಸ್ಥಾನದ ಕಡೆ ತಿರುಗಲೇ ಇಲ್ಲ. ಬಸ್ ಸ್ಟ್ಯಾಂಡಿಗೆ ಬಂದ್ವಿ. ಗ್ಯಾರೇಜ್ ಅಂತ ಯಾರೋ ತೋರಿಸಿದ ಜಾಗದಲ್ಲಿ ಬೇಕರಿ ಇತ್ತು. ಬೇಕರಿಯವನನ್ನ ಕೇಳಿದೆ. ಅವನು ಕೈಲಿದ್ದ ಬನ್ನಿನ ಟ್ರೇ ಕೆಳಗಿಟ್ಟ. "ನೀವು ಅವರಿಗೆ ಏನಾಗ್ಬೇಕು?" ಅಂದ. ದೂರದ ನೆಂಟರು ಅಂದೆ, ಯಾಕೆ ಹಾಗಂದೆನೋ ಗೊತ್ತಿಲ್ಲ. "ಅವರು ಹೋಗಿ ಎರಡು ವರ್ಷ ಆಗ್ತಾ ಬಂತಲ್ಲಮ್ಮ. ಹೈವೇಲಿ ಕೆಟ್ಟ ಲಾರಿ ರಿಪೇರಿ ಮಾಡ್ತಿದ್ರು, ಹಿಂದಿಂದ ಇನ್ನೊಂದು ಗಾಡಿ ಬಂದು ಗುದ್ದಿಬಿಡ್ತು. ಆಯಮ್ಮ ಇಲ್ಲೇ ಇದಾರೆ. ಸ್ಕೂಲ್ ಹಿಂದಿನ ಬೀದಿ, ಬಟ್ಟೆ ಹೊಲೀತಾರೆ."

ಅಮ್ಮ ಬುಟ್ಟಿಯನ್ನ ಎದೆಗೆ ಅವಚ್ಕೊಂಡು ಅಲ್ಲೇ ಬೆಂಚಿನ ಮೇಲೆ ಕೂತಳು. ಬೇಕರಿಯವನು ನೀರು ಕೊಟ್ಟ. ಕುಡಿಯಲಿಲ್ಲ. ನಾನು ಎಬ್ಬಿಸಿ ಕರ್ಕೊಂಡು ಹೋದೆ.

ಅಕ್ಕ ಬಾಗಿಲಲ್ಲೇ ಮಿಷನ್ ಹಾಕ್ಕೊಂಡು ಕೂತಿದ್ದಳು. ಬಡವಾಗಿದ್ದಳು, ಕೂದಲು ಅಲ್ಲಲ್ಲಿ ಬೆಳ್ಳಗಾಗಿತ್ತು. ಹಣೆ ಮೇಲೆ ಸಣ್ಣ ಸ್ಟಿಕ್ಕರ್ ಇತ್ತು, ಕೈಯಲ್ಲಿ ಎರಡು ಬಳೆಯೂ ಇತ್ತು. ತಲೆ ಎತ್ತಿ ನಮ್ಮನ್ನ ನೋಡಿದಳು. ಮಿಷನ್ನಿನ ಚಕ್ರದ ಮೇಲೆ ಕೈ ಇಟ್ಟು ನಿಲ್ಲಿಸಿದಳು.

"ಬಂದ್ಯಾ ಅಮ್ಮ" ಅಂದಳು. ಅಮ್ಮ ಅವಳನ್ನ ತಬ್ಬಿಕೊಂಡು ಗೋಳೋ ಅಂತ ಅತ್ತಳು. ನಾನೂ ಅತ್ತೆ. ಅಕ್ಕ ಅಳಲಿಲ್ಲ, ನಮ್ಮಿಬ್ಬರ ಬೆನ್ನು ಸವರಿದಳು. ಒಳಗೆ ಕೂರಿಸಿ ಕಾಫಿ ಮಾಡಿದಳು. ಭಾವ ಹೋದ ಸಂಗತಿಯನ್ನ ಅಡುಗೆ ಮನೆಯಿಂದಲೇ, ನಾಲ್ಕೇ ಮಾತಲ್ಲಿ ಹೇಳಿ ಮುಗಿಸಿದಳು. ಲೋಟ ತಗೊಂಡು ಬಂದವಳಿಗೆ ಬುಟ್ಟಿಯಲ್ಲಿದ್ದ ಗಂಟು ಕಾಣಿಸ್ತು.

"ಮಡ್ಲಕ್ಕೀನಾ ಅಮ್ಮ?"

ಅಕ್ಕನ ಮುಖ ಆಗ ಬದಲಾಯಿತು. ಲೋಟ ಕೆಳಗಿಟ್ಟು, ದೇವರ ಫೋಟೋ ಮುಂದೆ ಚಾಪೆ ಹಾಸಿ ಕೂತು, ಸೆರಗನ್ನ ಎರಡೂ ಕೈಲಿ ಹಿಡಿದು ಒಡ್ಡಿದಳು. "ಹಾಕಮ್ಮ" ಅಂದಳು. ಸಣ್ಣ ಹುಡುಗಿ ಥರ ಕೇಳಿದಳು.

ಅಮ್ಮ ಗಂಟು ಬಿಚ್ಚಿದಳು. ಮೊದಲು ಕನಕಾಂಬರ ತೆಗೆದು ಪಕ್ಕಕ್ಕಿಟ್ಟಳು. ಆಮೇಲೆ ಬಳೆ. ಆಮೇಲೆ ಕುಂಕುಮದ ಪೊಟ್ಟಣ. ಆಮೇಲೆ ಅರಿಶಿನ. ಏನು ಮಾಡ್ತಿದ್ದಾಳೆ ಅಂತ ನಂಗೆ ತಕ್ಷಣ ಹೊಳೀಲಿಲ್ಲ, ಜೋಡಿಸ್ತಿದ್ದಾಳೆ ಅಂದ್ಕೊಂಡೆ. ಅಮ್ಮ ಹಸಿರು ರವಿಕೆ ಕಣವನ್ನ ಕೈಲಿ ಹಿಡ್ಕೊಂಡು ಸ್ವಲ್ಪ ಯೋಚನೆ ಮಾಡಿದಳು. ಅದನ್ನೂ ಪಕ್ಕಕ್ಕಿಟ್ಟಳು. ಗಂಟಿನಲ್ಲಿ ಅಕ್ಕಿ, ಬೆಲ್ಲ, ಒಂದು ಗಿಟಕು ಕೊಬ್ಬರಿ ಉಳೀತು.

"ಅಮ್ಮಾ! ಏನ್ಮಾಡ್ತಿದೀಯ? ಎಲ್ಲಾ ಹಾಕು!" ಅಂತ ಕಿರುಚಿದೆ.

"ನಿಂಗೆ ಗೊತ್ತಾಗಲ್ಲ, ಸುಮ್ನಿರು. ಮುತ್ತೈದೇರಿಗೆ ಹಾಕೋದನ್ನ ಹಾಕಿ ಅವಳಿಗೆ ಏನಾರ ಕೇಡಾದ್ರೆ?"

"ಇನ್ನೇನು ಕೇಡಾಗ್ಬೇಕಮ್ಮ" ಅಂದಳು ಅಕ್ಕ.

"ಶಾಸ್ತ್ರ ಕಣವ್ವ, ನಾನು ಮಾಡಿದ್ದಲ್ಲ" ಅಂತ ಅಮ್ಮ ಅಳ್ತಾ, ಎರಡೂ ಕೈ ತುಂಬ ಅಕ್ಕಿ ಎತ್ತಿದಳು. ಅಷ್ಟರಲ್ಲಿ ಅಕ್ಕ ಒಡ್ಡಿದ್ದ ಸೆರಗನ್ನ ಕೊಡವಿ ಹೆಗಲ ಮೇಲೆ ಹಾಕ್ಕೊಂಡು ಎದ್ದಿದ್ದಳು. "ಅಕ್ಕಿ ನಮ್ಮನೇಲೂ ಐತೆ, ಬಿಡಮ್ಮ" ಅಂದಳು. ಒರಟಾಗಿ ಹೇಳಲಿಲ್ಲ. ಗಿರಾಕಿಗೆ ಬಟ್ಟೆ ಇನ್ನೂ ಆಗಿಲ್ಲ ಅನ್ನೋ ಹಾಗೆ ಹೇಳಿದಳು. ಅಮ್ಮನ ಕೈಲಿದ್ದ ಅಕ್ಕಿ ಚಾಪೆ ಮೇಲೆಲ್ಲ ಚೆಲ್ಲಿತು. ಅದನ್ನ ಗೋರಿ ಗಂಟಿಗೆ ತುಂಬಿಕೊಟ್ಟವಳೂ ಅಕ್ಕನೇ.

ನಾನು ಆ ಬಳೆ, ಕುಂಕುಮ ಎಲ್ಲ ಬಾಚ್ಕೊಂಡು ಅಕ್ಕನ ಮುಂದೆ ಹಿಡಿದೆ. "ನಾನು ಕೊಡ್ತೀನಿ ತಗೋ" ಅಂದೆ. ಅವಳು ನನ್ನ ಕೆನ್ನೆ ಮುಟ್ಟಿದಳು. "ನಿನ್ನ ಹತ್ರ ನಾನು ಕೇಳಿದ್ನೇನೇ? ಹೊರಡಿ ಈಗ, ಬಿಸಿಲು ಇಳೀತಾ ಬಂತು. ಹೆಬ್ಬಾಳದಲ್ಲಿ ಜಾಮ್ ಆಗುತ್ತೆ." ಊರು ಬಿಟ್ಟು ಅಷ್ಟು ವರ್ಷ ಆಗಿದ್ದರೂ ಹೆಬ್ಬಾಳದ ಜಾಮ್ ಅವಳಿಗೆ ನೆನಪಿತ್ತು. ಬಾಗಿಲವರೆಗೂ ಬಂದಳು. ಅಪ್ಪ ಬಂದಿದಾನಾ ಅಂತ ಕೇಳಲಿಲ್ಲ.

ಮರದ ಹತ್ತಿರ ವಾಪಸ್ ಬಂದಾಗ ಅಪ್ಪ ಎದ್ದು ಕಾರಿನ ಪಕ್ಕ ನಿಂತಿದ್ದ. ಹಿಂದಿನ ಬಾಗಿಲು ತೆಗೆದಿತ್ತು. ನಮ್ಮ ಸಾಮಾನೆಲ್ಲ ಡಿಕ್ಕಿಗೆ ಹಾಕಿ, ತಮ್ಮನನ್ನ ಬಿಟ್ಟು ಬಂದು ಖಾಲಿ ಉಳಿಸಿದ್ದ ಸೀಟನ್ನ ಟವೆಲ್ಲಿನಿಂದ ಒರೆಸಿದ್ದ. ನಮ್ಮ ಹಿಂದೆ ಬೇರೆ ಯಾರಾದರೂ ಬರ್ತಿದ್ದಾರಾ ಅಂತ ಬೀದಿ ತುದಿಯವರೆಗೂ ಇಣುಕಿ ನೋಡಿದ. ಆಮೇಲೆ ಕೇಳಿದ. "ಏನಂದ್ಳು? ಬರಲ್ವಂತಾ?"

ಅಮ್ಮ ನಿಂತಲ್ಲೇ ನಿಂತಳು. "ನಿಮಗ್ ಗೊತ್ತಿತ್ತಾ?"

"ಅವ್ನು ಸತ್ತಾಗ್ಲೇ ಹೆಬ್ಬಾಳದ್ ಗ್ಯಾರೇಜಿನೋನು ಬಂದ್ ಹೇಳಿದ್ದ. ನಿಂಗ್ ಹೇಳಿದ್ರೆ ತಡ್ಕತಿದ್ದಾ? ಒಸಿ ದಿನ ಹೋಗ್ಲಿ ಅಂತ ಸುಮ್ನಿದ್ದೆ. ಇನ್ನೇನ್ ಅಡ್ಡಿ ಇಲ್ವಲ್ಲ, ಕರ್ಕೊಂಡೋಗಾನ ಅಂತಾನೇ ಬಂದಿದ್ದು." ತನ್ನ ದೊಡ್ಡತನವನ್ನ ತಾನೇ ಮೆಚ್ಚಿಕೊಂಡ ದನಿ. ಮದುವೆಯಾದವಳಿಗೆ ಮುಚ್ಚಿದ್ದ ಬಾಗಿಲು ಮುಂಡೆಯಾದವಳಿಗೆ ತೆಗೆದಿತ್ತು, ಅಷ್ಟೇ. ಇದನ್ನ ಅವನು ಕ್ಷಮೆ ಅಂದ್ಕೊಂಡಿದ್ದ. ಮೊದಲೇ ಹೇಳಿದ್ದರೆ ಅಮ್ಮ ಆ ಸಾವಿನ ದಿನವೇ ಹೋಗಿ ಮಗಳ ತಲೆ ತೊಡೆ ಮೇಲೆ ಇಟ್ಕೊಂಡಿರ್ತಿದ್ದಳು. ಹಸಿರು ಬಳೆ ಹೊತ್ಕೊಂಡು ಹೋಗಿ ಮಗಳ ಮುಂದೆ ಒಂದೊಂದಾಗಿ ಎತ್ತಿಡೋ ಪಾಪ ಅವಳ ಕೈಗೆ ಅಂಟ್ತಿರಲಿಲ್ಲ. ಇದನ್ನ ನಾನು ಅಪ್ಪನಿಗೆ ಅಲ್ಲೇ, ಬೀದಿಯಲ್ಲೇ, ಬಾಯಿಗೆ ಬಂದ ಹಾಗೆ ಅಂದೆ. ಕಲ್ಯಾಣಿ ಹತ್ತಿರ ಕೂತಿದ್ದವರೆಲ್ಲ ತಿರುಗಿ ನೋಡಿದರು. ಅಪ್ಪ ಗಾಡಿ ಸ್ಟಾರ್ಟ್ ಮಾಡಿದ.

ಆ ರಾತ್ರಿ ನಾನು ಕೆಂಪಾಪುರಕ್ಕೆ ಹೋಗದೆ ತವರಲ್ಲೇ ಉಳಿದೆ. ಮಾರನೇ ದಿನ ಮಧ್ಯಾಹ್ನ ಅಮ್ಮ ಮುದ್ದೆ ಕಟ್ಟಲಿಲ್ಲ. ಅನ್ನ, ಹುಳ್ಸೊಪ್ಪಿನ ಸಾರು ಮಾಡಿ ಅಪ್ಪನಿಗೆ ಬಡಿಸಿದಳು. ಅವನು ಎರಡು ತುತ್ತು ಉಂಡು, "ಅಕ್ಕಿ ಚೆನ್ನಾಗೈತಲ್ಲ, ಎಲ್ಲಿ ತಂದೆ?" ಅಂದ.

"ನಿಮ್ಮ ಮಗಳ ಮಡ್ಲಕ್ಕಿ" ಅಂದಳು ಅಮ್ಮ. "ಉಣ್ಣಿ."

ಅಪ್ಪನ ಕೈ ತಟ್ಟೆಯ ಮೇಲೆ ನಿಂತಿತು. ತಟ್ಟೆ ತಳ್ಳಿ ಏಳ್ತಾನೆ ಅಂದ್ಕೊಂಡೆ. ಎದ್ದಿದ್ದರೆ ಅವನನ್ನ ಇವತ್ತು ಒಂದಿಷ್ಟಾದರೂ ಮರುಕದಿಂದ ನೆನೆಸ್ಕೋತಿದ್ದೆ. ಅವನು ಏಳಲಿಲ್ಲ. ತಲೆ ತಗ್ಗಿಸಿ ಕಲಸಿದ, ಉಂಡ, ಪೂರ್ತಿ ಉಂಡ. ಆಮೇಲೆ ಮಜ್ಜಿಗೆಗೆ ಇನ್ನೊಂದು ಸ್ವಲ್ಪ ಅನ್ನ ಹಾಕು ಅಂದ. ಅಮ್ಮ ಹಾಕಿದಳು.